ಬಾಗಿಲು ಬಿಚ್ಚಿದವರಿಗೆ ಚಹಾ

ಐವತ್ತು ದಾಟಿದ ಮೇಲೂ ಆ ಬೀದಿಯಲ್ಲಿ ಅವಳು ಸೊಸೆಯೇ. ತರಕಾರಿ ಗಾಡಿಯವನಿಗೆ ಸೊಸೆ, ಮೀಟರ್ ನೋಡಲು ಬರುವವನಿಗೆ ಸೊಸೆ. ಪಕ್ಕದ ಮನೆಯವರು ಸಕ್ಕರೆ ಕಡ ಕೇಳಲು ಬಂದರೂ "ಸೊಸೆ ಇದಾಳಾ?" ಎಂದೇ ಕೂಗುವುದು. ಜೊತೆಯಲ್ಲಿ ಬಾಳಬೇಕಾದ ಗಂಡ ಚಿಕ್ಕ ವಯಸ್ಸಿನಲ್ಲೇ ಜ್ವರದಲ್ಲಿ ಹೋಗಿದ್ದ, ಮಕ್ಕಳಾಗಿರಲಿಲ್ಲ. ಆಮೇಲೆ ಮಾವನೂ ಹೋದರು. ಉಳಿದವರು ಅತ್ತೆ. ಅತ್ತೆ ಇರುವ ತನಕ ಸೊಸೆತನಕ್ಕೆ ನಿವೃತ್ತಿಯಿಲ್ಲ, ಪಿಂಚಣಿಯಂತೂ ಇಲ್ಲವೇ ಇಲ್ಲ.

ಹೊರಗಿನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಬಾಯಿ ತೆರೆದ ಮಷೀನುಗಳು, ಮೂಗಿಗೆ ಏರುವ ಬ್ಲೀಚಿನ ವಾಸನೆ. ಅಲ್ಲಿಯೂ ಅವಳು ಮಾಡುವುದು ಕಂಡವರ ಹಾಸಿಗೆ ಹಸನು ಮಾಡುವ ಕೆಲಸವೇ. ಆದರೆ ಅಲ್ಲಿ ಸಂಜೆಗೆ ಗಂಟೆ ಹೊಡೆಯುತ್ತಿತ್ತು, ತಿಂಗಳಿಗೆ ಸಂಬಳ ಬರುತ್ತಿತ್ತು. ಒಣಗಿದ ಚಾದರ ಮಡಚಲು ಎರಡು ತುದಿಗೆ ಇಬ್ಬರು ಬೇಕು. ಅವಳ ಎದುರು ತುದಿ ಹಿಡಿಯುತ್ತಿದ್ದವಳನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಮಾತಿಗೊಮ್ಮೆ "ಟೈಮೆಷ್ಟಾಯ್ತು?" ಎನ್ನುವವಳು, ಕೈಗೆ ವಾಚು ಕಟ್ಟಿದವಳೇ ಅಲ್ಲ.

ಮಾವ ಜಮೀನು ಅಳೆಯುವ ಸರ್ವೇಯರ್ ಆಗಿದ್ದರು. ಊರವರ ಗಡಿಗಳನ್ನೆಲ್ಲ ಅಳೆದು ಅಳೆದು, ಮನೆಯವರನ್ನೂ ಅಳತೆಯ ಸರಪಳಿ ಹಿಡಿದೇ ನೋಡುವ ಅಭ್ಯಾಸವಾಗಿತ್ತು. ಯಾರಿಗೆ ಎಷ್ಟು ಹಾಲು, ಯಾರ ಕಾಲು ಹೊಸ್ತಿಲಿನಿಂದ ಎಷ್ಟು ಆಚೆ, ಎಲ್ಲಕ್ಕೂ ಅವರಲ್ಲಿ ಲೆಕ್ಕ. ಮಗ ಹೋದ ಮೇಲೆ ಒಂದು ಭಾನುವಾರ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ತಾವು ಬರೆಸಿದ ಉಯಿಲನ್ನು ತಾವೇ ಓದಿದ್ದರು. ಸತ್ತ ಮೇಲೆ ಜಗಳವಾಗಬಾರದು ಎಂದು ಬದುಕಿದ್ದಾಗಲೇ ಜಗಳದ ಬೀಜ ಹಂಚಿದ ಹಾಗೆ.

"ನನ್ನ ನಂತರ ಈ ಮನೆಯನ್ನು ನನ್ನ ಹೆಂಡತಿಯು ತನ್ನ ಜೀವಮಾನ ಪೂರ್ತಿ ಅನುಭವಿಸಿಕೊಂಡು ಹೋಗತಕ್ಕದ್ದು. ಮಾರುವುದಕ್ಕಾಗಲಿ ಅಡವಿಡುವುದಕ್ಕಾಗಲಿ ಆಕೆಗೆ ಹಕ್ಕಿಲ್ಲ. ಆಕೆಯ ನಂತರ ಮನೆಯು ನನ್ನ ಸೊಸೆಗೆ ಸೇರತಕ್ಕದ್ದು."

ಅತ್ತೆ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದವರು ತಲೆಯೆತ್ತಲಿಲ್ಲ. ಆ ಹೊತ್ತಿಗೆ ಮದುವೆಯಾಗಿ ಬೇರೆ ಬಡಾವಣೆಯಲ್ಲಿದ್ದ ಮಗಳು, ಅಂದರೆ ಸೊಸೆಯ ನಾದಿನಿ, ಜೋರಾಗಿ ನಕ್ಕಳು. "ಕಸ ಗುಡಿಸಿದವಳಿಗೆ ಮನೆ, ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಚೊಂಬು. ಚೆನ್ನಾಗಿ ಅಳತೆ ಮಾಡಿದೀರಿ ಅಪ್ಪ."

"ನಿನಗೆ ಕೊಟ್ಟರೆ ನಿನ್ನ ಗಂಡ ಮಾರಿ ತಿಂತಾನೆ," ಎಂದರು ಮಾವ. ಸೊಸೆಗೆ ಈಗಲೇ ಕೊಟ್ಟರೆ ಅವಳು ಅತ್ತೆಯನ್ನು ನೋಡಿಕೊಳ್ಳುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎತ್ತಿನ ಮುಂದೆ ಹುಲ್ಲು ಕಟ್ಟಿ ಗಾಡಿ ಎಳೆಸುವ ಉಪಾಯ ಎಲ್ಲರಿಗೂ ಅರ್ಥವಾಗುವಂಥದ್ದೇ.

ಮಾವ ಇರುವವರೆಗೆ ಸೊಸೆ ಅತ್ತೆಗೆ ಕೊಡುತ್ತಿದ್ದ ಗಂಜಿ ಬರೀ ಗಂಜಿಯಾಗಿತ್ತು. ಅವರು ತೀರಿಕೊಂಡ ಮೇಲೆ ಅದಕ್ಕೊಂದು ಅರ್ಥ ಬಂತು. ಅತ್ತೆ ಕೆಮ್ಮಿದರೆ ಬಂದ ನೆಂಟರು ಅತ್ತೆಯ ಮುಖ ನೋಡುತ್ತಿರಲಿಲ್ಲ, ಸೊಸೆಯ ಮುಖ ನೋಡುತ್ತಿದ್ದರು. ಅತ್ತೆ ಚೇತರಿಸಿಕೊಂಡರೆ "ಪಾಪ, ಇನ್ನೂ ಗಟ್ಟಿ ಇದಾರೆ" ಎನ್ನುತ್ತಿದ್ದರು. ಆ "ಪಾಪ" ಯಾರಿಗೆ ಎಂದು ಕೇಳುವಂತಿರಲಿಲ್ಲ. ಗಡಿಯಾರವಂತೂ ಚಾದರದ ತುದಿ ಕೊಡವುತ್ತಾ, "ಲೇ, ನಿಮ್ಮತ್ತೆ ಬಿ.ಪಿ. ಮಾತ್ರೆ ತಪ್ಪದೆ ಕೊಡ್ತೀಯಲ್ಲ, ನಿನ್ನಂಥ ದಡ್ಡಿ ಇಲ್ಲ ಕಣೇ," ಎಂದು ನಗುತ್ತಿದ್ದಳು. ನಕ್ಕ ಮೇಲೆ ಅವಳೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಅತ್ತೆಗೂ ಈ ಮಾತುಗಳು ಮುಟ್ಟಿರಬೇಕು. ಒಂದು ದಿನ ಬೆಳಿಗ್ಗೆ ಸೊಸೆ ಹಾಲಿನ ಲೋಟ ಹಿಡಿದುಕೊಂಡು ಹೋದಾಗ ಅವರು ಕೈ ಚಾಚಲಿಲ್ಲ.

"ನೀನು ಮೊದಲು ಕುಡಿ."

"ಏನು?"

"ಒಂದು ಗುಟುಕು ಕುಡಿದು ಕೊಡು."

ಸೊಸೆ ಕುಡಿದು ಕೊಟ್ಟಳು. ಮಾರನೆಯ ದಿನವೂ ಹಾಗೇ. ಆಮೇಲೆ ಅದು ಕೇಳುವ ಮಾತಾಗಿ ಉಳಿಯಲಿಲ್ಲ, ಅಭ್ಯಾಸವಾಯಿತು. ಹಾಲು, ಗಂಜಿ, ಔಷಧಿ, ಎಲ್ಲವನ್ನೂ ಮೊದಲು ಅವಳು, ಆಮೇಲೆ ಅವರು. ಅವಮಾನದ ಜೊತೆಗೆ ಅವಳಿಗೆ ಒಂದು ಸಮಾಧಾನವೂ ಇತ್ತು. ನೆಂಟರ ಎದುರಿಗೆ ಬೇಕೆಂದೇ ದೊಡ್ಡ ಗುಟುಕು ಕುಡಿದು, ಲೋಟವನ್ನು ಎಲ್ಲರಿಗೂ ಕಾಣುವಂತೆ ಅತ್ತೆಯ ಕೈಗೆ ಕೊಡುತ್ತಿದ್ದಳು.

ಮನೆ ಹಳೆಯದು. ಕೆಳಗೆ ನಡುಮನೆ, ಅಡುಗೆಮನೆ, ಅತ್ತೆಯ ಕೋಣೆ. ಮರದ ಮೆಟ್ಟಿಲು ಹತ್ತಿದರೆ ಮಹಡಿಯಲ್ಲಿ ಎರಡು ಕೋಣೆ, ಅದರಲ್ಲೊಂದು ಸೊಸೆಯದು. ಮಾವ ಎಲ್ಲೋ ಕೆಡವುತ್ತಿದ್ದ ಬಂಗಲೆಯೊಂದರ ತೇಗವನ್ನು ಕೊಂಡು ತಂದು ಬಾಗಿಲು, ಕಿಟಕಿ, ಮೆಟ್ಟಿಲು, ಮಾಡಿನ ತೊಲೆ ಎಲ್ಲವನ್ನೂ ಅದರಲ್ಲೇ ಮಾಡಿಸಿದ್ದರು. ಗೋಡೆ ಮಣ್ಣಿನದಾದರೂ ಮರದ ಮೈ ರಾಜನದು. ವಾರದ ರಜೆಯ ದಿನ ಸೊಸೆ ಹಳೇ ಬನಿಯನ್ನಿನ ತುಂಡಿಗೆ ಎಣ್ಣೆ ಹಚ್ಚಿ ಬಾಗಿಲುಗಳನ್ನು ಉಜ್ಜುತ್ತಿದ್ದಳು. ಮೊದಮೊದಲು ಮಾವನ ಕಣ್ಣಿಗೆ ಹೆದರಿ, ಆಮೇಲೆ ರೂಢಿಯಿಂದ. ಉಯಿಲು ಓದಿದ ಮೇಲೆ ಅದರಲ್ಲೊಂದು ಗುಟ್ಟಿನ ಖುಷಿ ಸೇರಿತ್ತು. ಬೀಗ ಹಾಕುವ ಚಿಲಕದ ಸುತ್ತ ಉಜ್ಜುವಾಗ ಅವಳು ಯೋಚಿಸುತ್ತಿದ್ದುದು ಅತ್ತೆಯ ಸಾವನ್ನಲ್ಲ. ಲಾಂಡ್ರಿಯ ಕೆಲಸ ಮುಗಿದ ಮೇಲೆ ತಾನು ಯಾರ ಮನೆಯ ಮೂಲೆಯಲ್ಲೂ ಕೂರಬೇಕಾಗಿಲ್ಲ ಎಂದು. ಒಂದು ಬಾಗಿಲು, ಅದನ್ನು ಒಳಗಿನಿಂದ ತಾನೇ ಹಾಕಿಕೊಳ್ಳುವುದು. ಅಷ್ಟೇ ಅವಳ ಆಸೆ.

ನಾದಿನಿ ವಾರಕ್ಕೊಮ್ಮೆ ಅಮ್ಮನನ್ನು ನೋಡಲು ಬರುತ್ತಿದ್ದಳು. ಅವಳು ಬರುವ ದಿನ ಅತ್ತೆ ಬೆಳಿಗ್ಗೆಯಿಂದಲೇ ತಲೆ ಬಾಚಿಸಿಕೊಂಡು ಮುಂಬಾಗಿಲಿನ ಎದುರು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ನಾದಿನಿಯ ಗಂಡನ ಅಂಗಡಿ ಮುಚ್ಚಿಹೋಗಿತ್ತು. ಬಂದಾಗಲೆಲ್ಲ ಅವಳು ಅತ್ತಿತ್ತ ನೋಡುವ ನೋಟ ಬದಲಾಗಿತ್ತು. ಒಂದು ದಿನ ಮಹಡಿಯ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಕೆಳಗಿಳಿದು ಬಂದಳು.

"ಅಮ್ಮಾ, ಮನೆ ಮಾರಬಾರದು ಅಂತ ತಾನೇ ಅಪ್ಪ ಬರೆದಿದ್ದು? ಬಾಗಿಲು ಮಾರಬಾರದು ಅಂತ ಎಲ್ಲಿದೆ?"

ಸೊಸೆ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಕೇಳಿಸಿಕೊಂಡಳು. ತಮಾಷೆ ಇರಬೇಕು ಎಂದುಕೊಂಡು ಮತ್ತೆ ನಲ್ಲಿ ತಿರುಗಿಸಿದಳು.

ತಮಾಷೆಯಾಗಿರಲಿಲ್ಲ. ಮುಂದಿನ ವಾರ ಅವಳು ರಜೆಯಲ್ಲಿದ್ದ ದಿನವೇ ಹಳೇ ಮರದ ವ್ಯಾಪಾರಿ ಇಬ್ಬರು ಆಳುಗಳೊಂದಿಗೆ ಬಂದ. ಬಾಯಿ ತುಂಬ ಮರ್ಯಾದೆ ಇರುವ ಮನುಷ್ಯ. ಮಹಡಿಯ ಬಾಗಿಲನ್ನು ಅಂಗೈಯಲ್ಲಿ ಸವರಿ, "ಎಣ್ಣೆ ಕುಡಿದ ಮರ. ಇಷ್ಟು ಚೆನ್ನಾಗಿ ಯಾರು ನೋಡ್ಕೊಂಡಿದ್ದು ತಾಯಿ?" ಎಂದ.

"ನಾನೇ," ಎಂದಳು ಸೊಸೆ. ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಆಮೇಲೆ ಗಡಿಯಾರಕ್ಕೆ ಎಲ್ಲವನ್ನೂ ಹೇಳಿದರೂ ಇದೊಂದನ್ನು ಹೇಳಲಿಲ್ಲ.

"ಅತ್ತೆ, ಇದೇನಿದು?" ಎಂದು ಒಮ್ಮೆ ಕೇಳಿದಳು, ಮೆಲ್ಲಗೆ.

"ಮೇಲಿನ ಬಾಗಿಲು ಯಾರಿಗೆ ಬೇಕು? ಬಂದವರಿಗೆ ಚಹಾ ಮಾಡು," ಎಂದರು ಅತ್ತೆ.

ಅವಳು ಚಹಾ ಮಾಡಿದಳು. ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ಮನೆಗೆ ಬಂದವರು ನೆಂಟರಾದರೇನು, ಕಳ್ಳರಾದರೇನು, ಒಲೆಯ ಮೇಲೆ ನೀರು ಇಡುವುದು ಅವಳ ಕೈಯ ಮೊದಲ ಕೆಲಸ. ಆಳುಗಳು ತಿರುಪು ಬಿಚ್ಚಿ ಬಾಗಿಲನ್ನು ಮೆಟ್ಟಿಲಿನ ತಿರುವಿನಲ್ಲಿ ಇಳಿಸುವಾಗ ಅದು ಗೋಡೆಗೆ ಉಜ್ಜುವ ಹಾಗಾಯಿತು. "ಹುಷಾರು, ಮೂಲೆ ತಾಗುತ್ತೆ!" ಎಂದು ಅವಳೇ ಓಡಿಹೋಗಿ ಒಂದು ತುದಿಗೆ ಹೆಗಲು ಕೊಟ್ಟಳು. ಇಷ್ಟು ವರ್ಷ ಉಜ್ಜಿದ ಮರಕ್ಕೆ ಗೀರು ಬೀಳಬಾರದು ಎಂಬುದಷ್ಟೇ ತಲೆಯಲ್ಲಿದ್ದದ್ದು. ಮಹಡಿಯ ಎರಡು ಬಾಗಿಲೂ ವ್ಯಾನು ಹತ್ತಿದವು. ಅವಳು ಲೋಟ ತೊಳೆದಿಟ್ಟು, ಉದುರಿದ ಗಾರೆ ಗುಡಿಸಿ ಹೊರಗೆ ಚೆಲ್ಲಿದಳು. ತನ್ನ ಕೋಣೆಗೆ ಹೋದಾಗ ಚೌಕಟ್ಟಿನಲ್ಲಿ ತಿರುಪಿನ ತೂತುಗಳು ಕಣ್ಣು ಬಿಟ್ಟುಕೊಂಡಿದ್ದವು. ಮಾರನೆಯ ದಿನ ಲಾಂಡ್ರಿಯಲ್ಲಿ ಹರಿದುಹೋಗಿ ತಿರಸ್ಕರಿಸಿದ ಎರಡು ಚಾದರ ತಂದು ಎರಡೂ ಚೌಕಟ್ಟುಗಳಲ್ಲಿ ಇಳಿಬಿಟ್ಟಳು. ಮೂಲೆಯಲ್ಲಿ ಆಸ್ಪತ್ರೆಯ ಮೊಹರು ಇನ್ನೂ ಕಾಣುತ್ತಿತ್ತು.

"ಬಾಗಿಲಿಗೆ ನೀನೇ ಹೆಗಲು ಕೊಟ್ಟೆಯಾ?" ಎಂದಳು ಗಡಿಯಾರ. ಚಾದರದ ತುದಿ ಅವಳ ಕೈಯಿಂದ ಜಾರಿತು. "ನಿನ್ನ ಹೆಣ ಹೊರೋಕೂ ನೀನೇ ಹೋಗ್ತೀಯ ಕಣೇ! ಇವತ್ತು ಬಾಗಿಲು, ನಾಳೆ ಮೆಟ್ಟಿಲು, ನಾಡಿದ್ದು ತೊಲೆ. ಆಮೇಲೆ ನಿನ್ನ ಪಾಲಿಗೆ ಉಳಿಯೋದು ಮಣ್ಣಿನ ಗುಡ್ಡೆ. ಹೋಗು, ಯಾರಾದರೂ ವಕೀಲರ ಹತ್ತಿರ ಹೋಗು."

ವಕೀಲೆಯ ಕಚೇರಿ ಬೇಕರಿಯ ಮೇಲಿನ ಒಂದು ಕೋಣೆ. ಕೆಳಗಿನಿಂದ ಬ್ರೆಡ್ಡಿನ ವಾಸನೆ ಬರುತ್ತಿತ್ತು. ವಕೀಲೆಗೆ ವಯಸ್ಸು ಹೆಚ್ಚಿರಲಿಲ್ಲ, ಆದರೆ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಉಯಿಲಿನ ನಕಲು ಓದಿ ಅವಳು ಸರಳವಾಗಿ ಹೇಳಿದಳು.

"ನಿಮ್ಮ ಅತ್ತೆ ಆ ಮನೆಯಲ್ಲಿ ಇರಬಹುದು, ಮಹಡಿ ಬಾಡಿಗೆಗೆ ಕೊಟ್ಟು ಆ ಬಾಡಿಗೆ ತಿನ್ನಬಹುದು. ಮನೆಯನ್ನೇ ತಿನ್ನೋ ಹಾಗಿಲ್ಲ. ಮನೆ ನಿಮ್ಮ ಕೈಗೆ ಬರೋದು ನಾಳೆ ಇರಬಹುದು, ಹಕ್ಕು ಮಾತ್ರ ನಿಮ್ಮ ಮಾವ ಹೋದ ದಿನವೇ ಹುಟ್ಟಿದೆ. ಅದಕ್ಕೇ ಹಾಳು ಮಾಡಬೇಡಿ ಅಂತ ಇವತ್ತೇ ಕೋರ್ಟಿಗೆ ಹೋಗಿ ಕೇಳಬಹುದು."

"ಅವರಿಗಿಂತ ಮೊದಲು ನಾನೇ ಸತ್ತರೆ?"

"ನಿಮ್ಮ ವಾರಸುದಾರರಿಗೆ ಹೋಗುತ್ತೆ. ಮಕ್ಕಳಿಲ್ಲ ಅಂದ್ರಲ್ಲ, ಬಹುಶಃ ಗಂಡನ ಕಡೆಯವರಿಗೆ."

"ಅಂದರೆ ತಿರುಗಿ ನಾದಿನಿಗೇ," ಎಂದು ಸೊಸೆ ನಕ್ಕಳು. ವಕೀಲೆ ನಗಲಿಲ್ಲ.

"ಬಾಗಿಲು ತೆಗೀವಾಗ ನೀವು ಬೇಡ ಅಂದಿರಾ?"

"ಇದೇನು ಅಂತ ಕೇಳಿದೆ."

"ಆಮೇಲೆ?"

"ಚಹಾ ಕೊಟ್ಟೆ."

ವಕೀಲೆ ಪೆನ್ನು ಕೆಳಗಿಟ್ಟಳು. ಮಿಕ್ಕದ್ದನ್ನೂ ಕೇಳಿ ತಿಳಿದುಕೊಂಡಳು, ಹೆಗಲು ಕೊಟ್ಟದ್ದು, ಗುಡಿಸಿದ್ದು. "ನೋಡಿ ಅಮ್ಮ, ಆ ಕಡೆಯವರು ಇದನ್ನೆಲ್ಲ ಒಪ್ಪಿಗೆ ಅಂತಾರೆ. ಇವಳೇ ಉಪಚಾರ ಮಾಡಿ ಕಳಿಸಿದಳು ಅಂತಾರೆ."

"ಮನೆಕೆಲಸ ಮಾಡಿದರೆ ಒಪ್ಪಿದ ಹಾಗಾ? ಹಾಗಾದರೆ ನಾನು ಹುಟ್ಟಿದಾಗಿನಿಂದ ಎಲ್ಲಕ್ಕೂ ಒಪ್ಪಿಕೊಂಡೇ ಬಂದಿದೀನಿ."

ವಕೀಲೆ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡಳು. "ಹೋದ ಬಾಗಿಲು ಹೋಯ್ತು. ಉಳಿದದ್ದಕ್ಕೆ ತಡೆಯಾಜ್ಞೆ ಕೇಳೋಣ. ಆದರೆ ಅವರು ಮತ್ತೆ ಬಂದರೆ ಎಲ್ಲರೂ ಕೇಳೋ ಹಾಗೆ ಬೇಡ ಅನ್ನಿ. ಚಹಾ ಕೊಡಬೇಡಿ."

"ಕೇಸು ಯಾರ ಮೇಲೆ?"

"ನಿಮ್ಮ ಅತ್ತೆಯ ಮೇಲೆ. ಮನೆ ಅವರ ಸ್ವಾಧೀನದಲ್ಲಿದೆ."

"ಬೆಳಿಗ್ಗೆ ಸ್ನಾನ ಮಾಡಿಸಿ ಮಧ್ಯಾಹ್ನ ಅವರ ಮೇಲೆ ಕೇಸು ಹಾಕಲಾ?"

"ಹೌದು. ಎರಡನ್ನೂ ನೀವೇ ಮಾಡಬೇಕಾಗುತ್ತೆ," ಎಂದಳು ವಕೀಲೆ. "ಸ್ನಾನ ಮಾಡಿಸೋಕೆ ಬೇರೆ ಯಾರೂ ಬರಲ್ಲವಲ್ಲ."

ಸೊಸೆ ಸಹಿ ಹಾಕದೆ ಎದ್ದು ಬಂದಳು. ಯೋಚಿಸಿ ಹೇಳುತ್ತೇನೆ ಎಂದಳು. ಯೋಚನೆಗೆ ಅವಕಾಶ ಸಿಗಲಿಲ್ಲ. ಕೆಲವೇ ದಿನಗಳಲ್ಲಿ, ಕೆಲಸ ಮುಗಿಸಿ ಬರುವಾಗ ಮನೆಯ ಮುಂದೆ ಅದೇ ವ್ಯಾನು ನಿಂತಿತ್ತು. ಒಳಗೆ ನಾದಿನಿ, ವ್ಯಾಪಾರಿ, ಆಳುಗಳು. ಒಬ್ಬ ಆಗಲೇ ಮೆಟ್ಟಿಲಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಬೆಣೆ ಹುಡುಕುತ್ತಿದ್ದ. ಇವತ್ತು ಮೆಟ್ಟಿಲು ಮತ್ತು ಮುಂಬಾಗಿಲು. ತೊಲೆಗಳನ್ನು ನೋಡಿಕೊಂಡು ಹೋಗುವುದು, ಅದಕ್ಕೆ ಇನ್ನೊಂದು ದಿನ.

"ಬಂದೆಯಾ? ಬಂದವರಿಗೆ ಚಹಾ ಮಾಡು," ಎಂದರು ಅತ್ತೆ.

ಸೊಸೆ ಚೀಲವನ್ನು ಕೆಳಗಿಡಲಿಲ್ಲ. ಇಟ್ಟರೆ ಕೈ ಖಾಲಿಯಾಗುತ್ತದೆ, ಖಾಲಿ ಕೈ ಸೀದಾ ಒಲೆಯ ಹತ್ತಿರ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಮಾಡಲ್ಲ."

ನಾದಿನಿ ತಿರುಗಿ ನೋಡಿದಳು. "ಏನಂದೆ ಅತ್ತಿಗೆ?"

"ಚಹಾ ಮಾಡಲ್ಲ. ಮೆಟ್ಟಿಲು ಮುಟ್ಟಬೇಡಿ. ಈ ಮನೆಯ ಒಂದು ಮೊಳೆ ಕೀಳೋಕೂ ನನ್ನ ಒಪ್ಪಿಗೆ ಇಲ್ಲ." ಜೋರಾಗಿ ಹೇಳಬೇಕು ಎಂದಿದ್ದಳು ವಕೀಲೆ. ಇವಳ ದನಿ ಅದಕ್ಕಿಂತಲೂ ಜೋರಾಗಿ ಬಂತು. ಪಕ್ಕದ ಮನೆಯ ಕಿಟಕಿ ತೆರೆಯಿತು.

"ಸೊಸೆಗೆ ಬಾಯಿ ಬಂತು ನೋಡಮ್ಮ," ಎಂದಳು ನಾದಿನಿ. "ಅಮ್ಮ ಬದುಕಿರುವಾಗಲೇ ಯಜಮಾನಿ ಆಗಿಬಿಟ್ಟಳು."

"ನಿನಗೆ ಅನ್ಯಾಯ ಆಗಿದೆ, ಇಲ್ಲ ಅನ್ನಲ್ಲ. ಮಾಡಿದ್ದು ನಾನಲ್ಲ. ಆ ಅನ್ಯಾಯಾನ ನನ್ನ ತಲೆ ಮೇಲಿನ ಮಾಡಿನಿಂದ ವಸೂಲಿ ಮಾಡಬೇಡ."

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. "ಈ ಮನೆ ಕಟ್ಟುವಾಗ ಗೋಡೆಯ ಮಣ್ಣಿಗೆ ನೀರು ಹಾಕಿದವಳು ನಾನು. ಇಡೀ ಆಯಸ್ಸು ಇದರ ಒಲೆ ಊದಿದೆ. ಕೊನೆಗೆ ಅವರು ನನಗೆ ಕೊಟ್ಟಿದ್ದು ಏನು? ಸಾಯೋ ತನಕ ಕೂತಿರು ಅಂತ ಒಂದು ಕುರ್ಚಿ. ಹೆತ್ತ ಮಗಳ ಕೈಗೆ ಏನಾದರೂ ಇಡೋಣ ಅಂದರೆ ನನ್ನದು ಅಂತ ಇಲ್ಲಿ ಒಂದು ಚಮಚವೂ ಇಲ್ಲ. ನಾನೇ ಮಾಡ್ತೀನಿ ಚಹಾ."

ಗೋಡೆ ಹಿಡಿದುಕೊಂಡು ಅವರು ಅಡುಗೆಮನೆಗೆ ಹೋದರು. ಆ ಕಡೆ ಹೋಗದೆ ಅವರಿಗೆ ಎಷ್ಟೋ ವರ್ಷವಾಗಿತ್ತು. ಡಬ್ಬಿಗಳ ಮುಚ್ಚಳ ತೆಗೆಯುವ, ಮುಚ್ಚುವ ಸದ್ದು ಕೇಳಿಸಿತು. ಏನೋ ಉರುಳಿತು.

"ಚಹಾ ಪುಡಿ ಎಲ್ಲಿಟ್ಟಿದೀಯ?" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಕೆಂಪು ಡಬ್ಬಿಯಲ್ಲಿ ಎಂಬುದು ಸೊಸೆಯ ಬಾಯಿಯ ತುದಿಗೇ ಬಂದಿತ್ತು. ತುಟಿ ಬಿಗಿಹಿಡಿದಳು. ನಾದಿನಿಗಂತೂ ಗೊತ್ತಿರಲಿಲ್ಲ.

ವ್ಯಾಪಾರಿ ಟೋಪಿ ಸರಿಮಾಡಿಕೊಂಡು ಆಳುಗಳಿಗೆ ಕಣ್ಣು ಮಾಡಿದ. "ಜಗಳದ ಮರ ನಮಗೆ ಬೇಡ ತಾಯಿ. ನೀವು ನೀವು ಮಾತಾಡಿಕೊಂಡು ಹೇಳಿ ಕಳಿಸಿ," ಎಂದು ಹೊರಟೇಬಿಟ್ಟ. ನಾದಿನಿ ಅವನ ಹಿಂದೆಯೇ ಗೇಟಿನವರೆಗೆ ಓಡಿದಳು. ವ್ಯಾನು ಹೋದ ಮೇಲೆ ಒಳಗೆ ಬರಲಿಲ್ಲ, ಅಲ್ಲಿಂದಲೇ ಹೊರಟುಹೋದಳು. ಅತ್ತೆ ಅಡುಗೆಮನೆಯಿಂದ ಬಂದಾಗ ಅವರ ಕೈಯಲ್ಲಿ ಒಂದು ಖಾಲಿ ಲೋಟವಿತ್ತು.

ಮಾರನೆಯ ದಿನ ಸೊಸೆ ಅತ್ತೆಗೆ ಸ್ನಾನ ಮಾಡಿಸಿ, ಬೆನ್ನು ಒರೆಸಿ, ಒಗೆದ ಬಟ್ಟೆ ಉಡಿಸಿ, ವಕೀಲೆಯ ಕಚೇರಿಗೆ ಹೋಗಿ ಸಹಿ ಹಾಕಿದಳು. ಕೇಸು ಮುಗಿಯುವ ತನಕ ಮನೆಯಿಂದ ಏನನ್ನೂ ಕೀಳಬಾರದೆಂದು ಕೋರ್ಟು ಹೇಳಿತು. ಆದೇಶ ಹಿಡಿದು ಬಂದವನಿಗೆ ಅತ್ತೆ ಹೆಬ್ಬೆಟ್ಟು ಒತ್ತಿದರು. ಶಾಯಿ ಹತ್ತಿದ ಆ ಬೆರಳನ್ನು ಸೋಪು ಹಚ್ಚಿ ತೊಳೆದವಳೂ ಸೊಸೆಯೇ. ಅತ್ತೆ ಕೈಯನ್ನು ಕೊಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು.

"ಗೆದ್ದೆಯಲ್ಲೇ!" ಎಂದಳು ಗಡಿಯಾರ.

"ಹೂಂ," ಎಂದಳು ಸೊಸೆ.

ನಾದಿನಿ ಬರುವುದನ್ನು ನಿಲ್ಲಿಸಿದಳು. ಮೊದಲ ವಾರ ಅತ್ತೆ ತಲೆ ಬಾಚಿಸಿಕೊಂಡು ಮುಂಬಾಗಿಲಿನ ಎದುರು ಕೂತರು. ಎರಡನೆಯ ವಾರವೂ ಕೂತರು. ಸೊಸೆ ತನ್ನ ಮಾನ ಬಿಟ್ಟು ನಾದಿನಿಗೆ ಫೋನು ಮಾಡಿದಳು. "ನನ್ನ ಮೇಲೆ ಸಿಟ್ಟಿರಲಿ, ಅಮ್ಮನನ್ನು ನೋಡಿ ಹೋಗು. ನೀನು ಬರುವ ದಿನ ನಾನು ಮನೆಯಲ್ಲಿರಲ್ಲ."

"ನಿನ್ನ ಮನೆಗೆ ನಾನ್ಯಾಕೆ ಬರಲಿ?" ಎಂದಳು ನಾದಿನಿ. ಆ ಮನೆಯನ್ನು ಇನ್ನೊಬ್ಬರು ಸೊಸೆಯದು ಎಂದದ್ದು ಅದೇ ಮೊದಲು. ಹಾಗೆ ಕೇಳಿಸಿಕೊಳ್ಳಬೇಕೆಂದು ಅವಳು ಇಷ್ಟು ವರ್ಷ ಕಾದಿದ್ದಳು.

ಬರಬರುತ್ತಾ ಅತ್ತೆ ತಲೆ ಬಾಚುವುದು ಬೇಡವೆಂದರು. ಕುರ್ಚಿ ಮಾತ್ರ ಅಲ್ಲೇ ಇತ್ತು. ಒಂದು ರಜೆಯ ದಿನ ಸೊಸೆ ಎಣ್ಣೆಯ ಬಟ್ಟೆ ಹಿಡಿದು ಮುಂಬಾಗಿಲನ್ನು ಉಜ್ಜುತ್ತಿದ್ದಾಗ ಹಿಂದಿನಿಂದ ಅವರ ಮಾತು ಬಂತು. ಎಷ್ಟೋ ದಿನದ ಮೇಲೆ ಬಂದ ಮಾತು.

"ಬಾಗಿಲು ಉಳಿಸಿಕೊಂಡೆ. ಅದರಲ್ಲಿ ಬರೋರು ಯಾರು?"

ಸೊಸೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ಮೂಲೆಗಳಲ್ಲಿ ಧೂಳು ಕೂತಿತ್ತು, ಅದನ್ನು ಉಗುರಿನಿಂದ ಕೆರೆದಳು. ಮೇಲೆ, ಬಾಗಿಲಿಲ್ಲದ ಎರಡು ಚೌಕಟ್ಟುಗಳಲ್ಲಿ ಆಸ್ಪತ್ರೆಯ ಚಾದರಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ಕೈ ತೊಳೆದು ಬಂದು ಹಾಲು ಕಾಸಿದಳು. ಲೋಟಕ್ಕೆ ಬಗ್ಗಿಸಿ, ಅದರಲ್ಲಿ ಮಾತ್ರೆಯ ಪುಡಿ ಕದಡಿ, ಕುರ್ಚಿಯ ಹತ್ತಿರ ತಂದಳು. ಎಂದಿನಂತೆ ಗುಟುಕು ಕುಡಿಯಲೆಂದು ಲೋಟವನ್ನು ತುಟಿಯ ಕಡೆ ಎತ್ತುವಷ್ಟರಲ್ಲಿ ಅತ್ತೆ ಕೈ ಚಾಚಿ ಅದನ್ನು ತೆಗೆದುಕೊಂಡರು. ಒಂದೇ ಸಲಕ್ಕೆ ಪೂರ್ತಿ ಕುಡಿದುಬಿಟ್ಟರು.

"ಅತ್ತೆ, ನಾನಿನ್ನೂ ಕುಡಿದಿರಲಿಲ್ಲ."

"ಗೊತ್ತು," ಎಂದರು ಅತ್ತೆ. "ಅದರಲ್ಲಿ ಏನಿದ್ದರೂ ಈಗ ನನಗೆ ಒಂದೇ." ಲೋಟವನ್ನು ವಾಪಸು ಕೊಟ್ಟು, ಕಣ್ಣು ಮುಚ್ಚಿಕೊಂಡು ಕೂತರು.

ಸೊಸೆ ಲೋಟ ಹಿಡಿದುಕೊಂಡು ಅಲ್ಲೇ ನಿಂತಳು. ಅತ್ತೆಯ ಎದೆ ಏರಿಳಿಯುವುದನ್ನು ನೋಡುತ್ತಾ, ಒಳಗೆ ಹೋಗಲು ಧೈರ್ಯವಾಗದೆ, ಬಹಳ ಹೊತ್ತು ನಿಂತೇ ಇದ್ದಳು.